ಪಪ್ಪನ ಪಾಲಿನ ಮಾತು

ನನ್ನ ಗಂಡ ದಾಮೋದರ ಕಡಲಾಚೆಯ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಾರೆ. ಉಡುಪಿಯಲ್ಲಿದ್ದಾಗ ಯಕ್ಷಗಾನದ ತಾಳಮದ್ದಳೆಯಲ್ಲಿ ಪಾತ್ರವಾಗಿ ಅರ್ಥ ಹೇಳುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿಗೆ ಮಾತು. ಎದುರಿನವರ ಪ್ರಶ್ನೆಗೆ ಉತ್ತರ ಕೊಡದೆ ಬಿಟ್ಟರೆ ಮರ್ಯಾದೆ ಹೋಯಿತೆಂದೇ ಲೆಕ್ಕ. ಅಂಥ ಮಾತಿನ ಮಲ್ಲ ಮಗಳ ಮುಂದೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡರು. ನವ್ಯಾ ಡಾಕ್ಟರ್ ಓದನ್ನು ಅರ್ಧಕ್ಕೆ ಬಿಟ್ಟು, ನಾಟಕ ಬರೆಯುತ್ತೇನೆಂದು ಎರಡು ಗಂಟೆ ದಾರಿಯ ಪೆಟಾಲಿಂಗ್ ಜಯಾ ನಗರಕ್ಕೆ ಹೋದಂದಿನಿಂದ ಇದೇ ಕತೆ.

ಅಲ್ಲಿ ಅವಳು ಟಿವಿ ಧಾರಾವಾಹಿಗಳಿಗೆ ಸಂಭಾಷಣೆ ಬರೆದು ಹೊಟ್ಟೆ ಹೊರೆದಳು. ಇಬ್ಬರ ನಡುವೆ ಸುದ್ದಿ ಹೊತ್ತು ನನಗೆ ಸಾಕುಸಾಕಾಗಿತ್ತು. 2016ರಲ್ಲಿ ಅವಳ ಮೊದಲ ದೊಡ್ಡ ನಾಟಕ ರಂಗಕ್ಕೆ ಬಂತು. ಅದನ್ನು ಸಿನಿಮಾ ಮಾಡಲು ಒಂದು ಕಂಪೆನಿಯವರು ಒಪ್ಪಿದ್ದರು. ಆದರೆ ಕೊನೆ ಅರ್ಧಕ್ಕೇ ನಿಂತಂತಿದೆ, ಅದು ಸರಿಯಾದರೆ ಮಾತ್ರ ಎಂದಿದ್ದರು.

"ನಾನು ಕಾರು ಬಿಡ್ಲಿಕ್ಕೆ ಮಾತ್ರ ಬರುದು, ಗೊತ್ತಾಯ್ತಾ?" ಎಂದು ಇವರು ನನ್ನನ್ನು ನಾಟಕಕ್ಕೆ ಕರೆದುಕೊಂಡು ಹೊರಟರು. ಹಾಕಿದ್ದು ಮಾತ್ರ ಮದುವೆಮನೆಯ ಅಂಗಿ. ನಾನು ನೋಡಿಯೂ ನೋಡದವಳಂತಿದ್ದೆ.

ನಾಟಕ ಇಂಗ್ಲಿಷಿನದು, ಅದರೊಳಗಿನ ಮನೆ ನಮ್ಮದೇ. ಕೊನೆಗೆ ಮಗಳು ಚೀಲ ಹಿಡಿದು ಕೇಳುತ್ತಾಳೆ: ಸೋತರೆ ವಾಪಸು ಬರಬಹುದಾ? ಅಪ್ಪ ಸುಮ್ಮನೆ ನಿಲ್ಲುತ್ತಾನೆ. ದೀಪ ಆರುತ್ತದೆ.

ಆಮೇಲೆ ಪ್ರೇಕ್ಷಕರೊಂದಿಗೆ ಮಾತುಕತೆ. ಅಪ್ಪ ಯಾಕೆ ಉತ್ತರ ಕೊಡುವುದಿಲ್ಲ ಎಂದು ಯಾರೋ ಕೇಳಿದರು.

ನವ್ಯಾ ಇಂಗ್ಲಿಷಿನಲ್ಲೇ ಹೇಳಿದಳು: "ಎಷ್ಟು ಬರೆದರೂ ಅದು ನನ್ನ ಮಾತೇ ಆಗ್ತದೆ. ಅವರು ಏನು ಹೇಳ್ತಾರೆ ಅಂತ ನನಗೆ ನಿಜವಾಗಿ ಗೊತ್ತಿಲ್ಲ."

ಪಕ್ಕದಲ್ಲಿ ಇವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅಯ್ಯೋ ದೇವರೇ, ಇಲ್ಲೂ ಜಗಳ ತೆಗೆಯುತ್ತಾರೆಂದು ನಾನು ಅಂಗಿ ಹಿಡಿದೆಳೆದೆ. ಎದ್ದೇಬಿಟ್ಟರು.

"ಸೋತ್ರೆ ಬರ್ಬಹುದಾ ಅಂತ ಕೇಳುದೆಂತ?" ಎಂದರು ಕನ್ನಡದಲ್ಲೇ, ಹಿಂದಿನ ಅದೇ ಅರ್ಥಧಾರಿಯ ಗಂಟಲಿನಲ್ಲಿ. "ಗೆದ್ರೆ ಮನೆ ಬೇಡ್ವಾ ನಿಂಗೆ?"

ಸಭೆಗೆ ಒಂದಕ್ಷರ ತಿಳಿಯಲಿಲ್ಲ. ನವ್ಯಾ ಮೈಕು ಕೆಳಗಿಟ್ಟು ರಂಗದ ಅಂಚಿಗೆ ಬಂದಳು. ನನಗೋ ಅಳು ತಡೆಯಲಾಗಲಿಲ್ಲ.

ಬಾಯಿ ತೆರೆದರೆ ಇಂಗ್ಲಿಷ್ ಆಡುವ ಹುಡುಗಿ ಕನ್ನಡದಲ್ಲಿ ಹೇಳಿದಳು: "ಪಪ್ಪಾ, ಇನ್ನೊಮ್ಮೆ ಹೇಳಿ. ಬರ್ಕೊಳ್ತೇನೆ."

"ಬರ್ಕೊಳ್ಳುದು ಮತ್ತೆ," ಎಂದರು ಇವರು. "ಮೊದ್ಲು ಕಾರು ಹತ್ತು ಮಾರಾಯ್ತಿ, ಮನೆಗೆ ಹೋಗುವ."