ಗಾಜಿನ ಆಚೆ ಅಣ್ಣ

ಅಂಟಿಕೊಳ್ಳುತ್ತಿದೆ, ಒಂದು ಟಿಕೆಟ್ ಹರಿದರೆ ಕೆಳಗಿನದೂ ಬೆವರಿದ ಬೆರಳಿಗೆ ಅಂಟಿಕೊಂಡೇ ಬರುತ್ತಿದೆ, ಥೂ, ಇದೆಂಥ ಸೆಕೆ, ಗಾಳಿ ಎಲ್ಲಿ ಹೋಗಿ ಸತ್ತಿತೋ, ಹೊಳೆ ಸೇರುವ ಅಷ್ಟು ದೊಡ್ಡ ಸಮುದ್ರ ಎದುರಿಗೇ ಬಿದ್ದುಕೊಂಡಿದೆ, ಒಂದು ಉಸಿರು ಗಾಳಿ ಕೊಡುವ ಯೋಗ್ಯತೆ ಇಲ್ಲ ಅದಕ್ಕೆ, ಈ ಫ್ಯಾನೋ, ಬಿಸಿಯನ್ನೇ ಕಲಕಿ ಕಲಕಿ ಮತ್ತೆ ನನ್ನ ತಲೆಯ ಮೇಲೇ ಸುರಿಯುತ್ತಿದೆ — ಮೂರು ಬೆರಳು, ಮೂರು ಟಿಕೆಟ್, ಮುಂದೆ ಬನ್ನಿ — ದಪ್ಪ ಗಾಜು, ಅದರ ಬುಡದಲ್ಲಿ ಒಂದು ಕೈ ತೂರುವಷ್ಟು ತೂತು, ಸಾಲಿನ ಹಿಂದೆ ಲಾಂಚಿನ ಇಂಜಿನ್ ಗಡಗಡ, ಯಾರ ಮಾತೂ ನೆಟ್ಟಗೆ ಕೇಳಿಸುವುದಿಲ್ಲ, ಹೊಳೆ ದಾಟುವವರು ಎಷ್ಟು ಜನವೋ ಅಷ್ಟು ಬೆರಳು ತೋರಿಸುತ್ತಾರೆ, ನಾನು ಹರಿದುಕೊಡುತ್ತೇನೆ, ಮುಖ ನೋಡುವ ಗೋಜೇ ಇಲ್ಲ, ಆರಾಮ, ಆದರೆ ಇವತ್ತು ಯಾಕಾದರೂ ತಲೆ ಎತ್ತಿದೆನೋ, ಸಾಲಿನ ಬಾಲದಲ್ಲಿ ಬೆಳ್ಳಗಿನ ತಲೆ, ಒಂದು ಕಡೆಗೆ ವಾಲಿ ನಿಲ್ಲುವ ಆ ಭಂಗಿ — ಅಣ್ಣ. ನಮ್ಮಣ್ಣನೇ. ಎಷ್ಟು ಮುದುಕನಾಗಿಬಿಟ್ಟಿದ್ದಾನೆ, ಶರ್ಟು ಗೂಟಕ್ಕೆ ನೇತುಹಾಕಿದ ಹಾಗಿದೆ, ಇವನೇಕೆ ಇಲ್ಲಿಗೆ ಬಂದ, ಆಚೆ ದಡದ ಮನೆಗೆ ಹೋಗಲು ಸುತ್ತು ಬಳಸಿ ಸೇತುವೆಯ ಬಸ್ಸು ಹಿಡಿಯುವವನಲ್ಲವೇ, ನನ್ನ ಮುಖ ನೋಡಬಾರದೆಂದೇ ಹಿಡಿಯುವವನು, ನೋಡದಿದ್ದರೆ ಬಿಡಲಿ, ನನ್ನ ಗಂಟೇನು ಹೋಗಬೇಕು, ಬಂದರೂ ನಾನಾಗಿ ಮಾತಾಡಿಸುವುದಿಲ್ಲ, ದೊಡ್ಡವನು, ಅವನೇ ಮೊದಲು ತಮ್ಮಾ ಅನ್ನಲಿ — ಅತ್ತಿಗೆ ಎಲ್ಲಿ? ಶೆಡ್ಡಿನ ನೆರಳಲ್ಲಿ ಕೂತಿರಬೇಕು, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, ಸಾಲಿನಲ್ಲಿ ನಿಲ್ಲೋದೆಲ್ಲ ನಿಮ್ಮಣ್ಣನ ಕೆಲಸ ಕಣಪ್ಪ ನನ್ನ ಕೈಲಾಗಲ್ಲ, ಅನ್ನುತ್ತಿದ್ದವರು, ಅಣ್ಣನ ಹತ್ತಿರ ಬಿಗುಮಾನ ನನಗೆ, ಅತ್ತಿಗೆಯ ಹತ್ತಿರ ಎಂಥದ್ದು, ನನ್ನ ಸ್ಕೂಲಿನ ಚಡ್ಡಿಗೆ ತೇಪೆ ಹಾಕಿದವರು, ಅಮ್ಮನ ಅದೇ ಹೊಲಿಗೆ ಮಿಷಿನ್ನಿನಲ್ಲಿ, ಅದೇ ಹಾಳು ಮಿಷಿನ್ನಿಗೇ ಅಲ್ಲವೇ ಎಲ್ಲ ಆದದ್ದು, ಅಮ್ಮ ಹೋದ ಮೇಲೆ ಸುಮ್ಮನೆ ತುಕ್ಕು ಹಿಡಿಯುತ್ತೆ ಅಂತ ಅತ್ತಿಗೆ ಅದನ್ನು ಹೊಲಿಗೆ ಕಲಿಯುತ್ತಿದ್ದ ಪಕ್ಕದ ಮನೆ ಹುಡುಗಿಗೆ ಕೊಟ್ಟರು, ನಾನು ಬೀದಿಗೆಲ್ಲ ಕೇಳಿಸುವ ಹಾಗೆ ಅರಚಿದೆ, ನಮ್ಮಮ್ಮನ ವಸ್ತು ಕೊಡೋಕೆ ನೀನ್ಯಾರೇ, ಅವರು ಮನೆಗೆ ಬಂದಾಗಿನಿಂದ ನೀವು ಎಂದೇ ಅಂದಿದ್ದ ನಾಲಿಗೆ, ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ ಅಂದ ಅಣ್ಣ, ಹತ್ತಿದ್ರೆ ಕೇಳು ಅಂದೆ ನಾನು, ಹತ್ತಲಿಲ್ಲ, ಮಾತಿಗೆ ತಪ್ಪದ ಗಂಡಸು, ದೊಡ್ಡ ಸಾಧನೆ. ಆಮೇಲೆ ಅತ್ತಿಗೆಯೇ ಹೇಳಿ ಕಳಿಸಿದರು, ಲಾಂಚ್ ನಡೆಸುವ ಸೀಟಿಯ ಕೈಲಿ, ಸದಾ ಶಿಳ್ಳೆ ಹಾಕುತ್ತಾನೆಂದು ಅವನಿಗೆ ಆ ಹೆಸರು, ಅವರ ಮನೆಯ ಪಕ್ಕದಲ್ಲೇ ಇರುವವನು, ಬಂದು ಒಂದು ಊಟ ಮಾಡ್ಕೊಂಡು ಹೋಗ್ಬೇಕಂತೆ ಸಾರ್, ಕೋಪ ಎಲ್ಲ ಸಾಕಂತೆ — ನಾನು ಅವನ ಮೇಲೇ ಹರಿಹಾಯ್ದೆ, ಆ ಮನೆ ಸುದ್ದಿ ಇನ್ನೊಂದ್ಸಲ ನನ್ನ ಹತ್ರ ಎತ್ತಿದ್ರೆ ನೋಡು, ಅವನು ಪಾಪ ಎತ್ತಲೇ ಇಲ್ಲ.

ಬಂದ, ಗಾಜಿನ ಆಚೆ ಬಂದೇಬಿಟ್ಟ, ನಾನು ತಲೆ ತಗ್ಗಿಸಿದೆ, ಟಿಕೆಟಿನ ಕಟ್ಟನ್ನೇ ನೋಡುತ್ತ ಕೂತೆ, ತೂತಿನೊಳಗೆ ಕೈ, ಉಗುರು ಒಡೆದ ಆ ಕೈ ನನಗೆ ಗೊತ್ತು, ಎರಡು ಬೆರಳು, ಸರಕ್ಕನೆ ಎರಡು ಹರಿದೆ, ಮುಗಿಯಲಿ ಈ ಪೀಕಲಾಟ ಎಂದು, ಅಷ್ಟರಲ್ಲಿ ಒಂದು ಬೆರಳು ಮಡಚಿಕೊಂಡಿತು, ನಿಧಾನಕ್ಕೆ, ಏನೋ ನೆನಪಾದ ಹಾಗೆ, ನನಗೆ ರೇಗಿತು, ಹರಿದ ಟಿಕೆಟ್ ಮತ್ತೆ ಅಂಟಿಸೋಕಾಗುತ್ತಾ, ಮೊದ್ಲೇ ಸರಿಯಾಗಿ ತೋರಿಸ್ಬಾರ್ದಾ, ಅಂದುಬಿಟ್ಟೆ, ದಿನಾ ಹತ್ತಾರು ಜನರಿಗೆ ಅನ್ನುವ ಮಾತು, ನಾಲಿಗೆಗೆ ಅಭ್ಯಾಸ, ಅಣ್ಣ ಬಗ್ಗಿದ, ತೂತಿಗೆ ಬಾಯಿಟ್ಟು ಹೇಳಿದ, ತಪ್ಪಾಯ್ತು, ಎರಡಕ್ಕೂ ದುಡ್ಡು ತಗೊಳ್ಳಿ. ತಗೊಳ್ಳಿ. ನನಗೆ. ಲೇ ಕೋತಿ ಎನ್ನದೆ ಒಂದು ದಿನವೂ ಕರೆಯದಿದ್ದ ಅಣ್ಣ ನನಗೆ ತಗೊಳ್ಳಿ ಅಂದ, ಎರಡೂ ಟಿಕೆಟ್ ಮುದುರಿಕೊಂಡು ಸಾಲಿನಿಂದ ಸರಿದ, ಹಿಂದಿನವಳು ನಾಲ್ಕು ಬೆರಳು ತೂರಿಸಿದಳು, ನಾಲ್ಕು ಹರಿದೆ, ಆಮೇಲೆ ಒಮ್ಮೆಗೇ ಕತ್ತಲು, ಮಟ ಮಟ ಮಧ್ಯಾಹ್ನ ಯಾರೋ ದೀಪ ಆರಿಸಿದ ಹಾಗೆ, ಆಕಾಶ ಸೀಳಿದಂತೆ ಒಂದು ಸಿಡಿಲು, ಜೆಟ್ಟಿಯ ಮೇಲೆ ಕೆಂಪು ಬಾವುಟ ಏರಿತು, ಬಾವುಟ ಏರಿದರೆ ಲಾಂಚ್ ಬಿಡುವಂತಿಲ್ಲ, ಟಿಕೆಟ್ ಕೊಡುವಂತಿಲ್ಲ, ಎಲ್ಲ ಶೆಡ್ಡಿನೊಳಗೆ, ಮಳೆ ತಗಡಿನ ಮೇಲೆ ಕಲ್ಲು ಸುರಿದಂತೆ ಬಡಿಯತೊಡಗಿತು, ಇಷ್ಟು ದಿನ ಒಂದು ಹನಿಗೆ ಬಾಯಿ ಬಿಟ್ಟದ್ದು, ಈಗ ಬಂದರೆ ಬೇಡವಾಗಿದೆ, ಗಾಜಿನ ಮೇಲೆಲ್ಲ ಆವಿ, ಅಂಗೈಯಲ್ಲಿ ಒರೆಸಿ ನೋಡುತ್ತೇನೆ, ಅಣ್ಣ ಕಂಬಕ್ಕೆ ಒರಗಿದ್ದಾನೆ, ಒಬ್ಬನೇ, ಅತ್ತಿಗೆ ಎಲ್ಲಿ, ಗುಡುಗೆಂದರೆ ಎರಡೂ ಕಿವಿ ಮುಚ್ಚಿಕೊಂಡು ನಗುವವರು, ಹೋಗಿ ಅವರ ಮುಂದೆ ನಿಲ್ಲುತ್ತೇನೆ, ನೀವು ಕೊಟ್ಟಿದ್ದೇ ಸರಿ ಅತ್ತಿಗೆ, ನನಗೇ ಬುದ್ಧಿ ಇರ್ಲಿಲ್ಲ, ಅಷ್ಟೇ, ಅಷ್ಟು ಹೇಳಲು ಇಷ್ಟು ಕಾಲ, ಇವತ್ತೇ ಹೇಳುತ್ತೇನೆ, ಮಳೆ ಒಂದಿಷ್ಟು ಸಣ್ಣದಾಗಲಿ.

ಬಾಗಿಲು ತಳ್ಳಿಕೊಂಡು ಸೀಟಿ ಬಂದ, ತೊಯ್ದು ತೊಪ್ಪೆಯಾಗಿದ್ದಾನೆ, ಶಿಳ್ಳೆ ಇಲ್ಲ, ನಿಮ್ಮಣ್ಣ ಬಂದಿದ್ದಾರಲ್ಲ ಸಾರ್, ಮಾತಾಡಿಸಿದ್ರಾ, ನಾನು ಟಿಕೆಟಿನ ಕಟ್ಟು ಜೋಡಿಸತೊಡಗಿದೆ, ಇವತ್ತು ಬಸ್ಸು ಬೇಡ, ತಮ್ಮನ್ನ ನೋಡ್ಕೊಂಡು ಹೋಗ್ತೀನಿ ಅಂತಾನೇ ಬಂದ್ರಂತೆ, ಪಾಪ, ಆಯಮ್ಮ ಹೋದ ಮೇಲೆ ತುಂಬಾ ಇಳಿದುಹೋಗಿದ್ದಾರೆ ಸಾರ್, ಟೀ ಅಂಗಡೀಲೂ ಎರಡು ಟೀ ಹೇಳ್ಬಿಡ್ತಾರೆ — ಯಾವ ಆಯಮ್ಮ ಅಂದೆ, ಯಾರು ಹೋದದ್ದು ಅಂದೆ, ಅವನು ನನ್ನ ಮುಖವನ್ನೇ ನೋಡಿದ, ನಿಮ್ಮ ಅತ್ತಿಗೆ ಸಾರ್, ಬೇಸಿಗೆ ಶುರುವಾಗೋಕೆ ಮುಂಚೆ, ಜ್ವರ ಅಂತ ಮಲಗಿದೋರು ಏಳ್ಲೇ ಇಲ್ಲ, ನಿಮಗೆ ಗೊತ್ತಿದ್ದೂ ಬರ್ಲಿಲ್ಲ ಅಂತ ನಾವೆಲ್ಲ ಅಂದ್ಕೊಂಡ್ವಿ — ನೀನ್ಯಾಕೋ ಹೇಳ್ಲಿಲ್ಲ, ಕಿರುಚಿದೆನೇ, ಕಿರುಚಿರಬೇಕು, ಅವನು ಒಂದು ಹೆಜ್ಜೆ ಹಿಂದೆ ಸರಿದ, ನೀವೇ ಅಲ್ವಾ ಸಾರ್ ಆ ಮನೆ ಸುದ್ದಿ ಎತ್ತಬೇಡ ಅಂದಿದ್ದು. ಹೌದು. ನಾನೇ. ಬೇಸಿಗೆಯ ಉದ್ದಕ್ಕೂ ಇಲ್ಲಿ ಕೂತು ಸೆಕೆ ಸೆಕೆ ಎಂದು ಗೊಣಗಿದ್ದೇನೆ, ಅತ್ತಿಗೆ ಇರಲೇ ಇಲ್ಲ, ನನ್ನ ಮನಸ್ಸಿನೊಳಗೆ ಈಗಷ್ಟೇ ಸೆರಗು ಬೀಸಿಕೊಂಡು ಕೂತಿದ್ದವರು ಇಲ್ಲ, ಯಾರಿಗೆ ಹೇಳಲಿ ಇನ್ನು, ಅಯ್ಯೋ ಅತ್ತಿಗೆ, ಸೀಟಿ ಹೋದ, ಮಳೆ ಯಾವಾಗ ಸಣ್ಣದಾಯಿತೋ, ಬಾವುಟ ಇಳಿದಿದೆ, ಇಂಜಿನ್ ಗಡಗಡ, ಜನ ನುಗ್ಗುತ್ತಿದ್ದಾರೆ, ಅಣ್ಣ ಹಲಗೆಯ ಮೇಲೆ ಕಾಲಿಡುತ್ತಿದ್ದಾನೆ, ವಾಲಿಕೊಂಡು, ಏಳಬೇಕು, ಏಳು, ಬಾಗಿಲು ಇಲ್ಲೇ ಇದೆ, ಅಣ್ಣಾ, ಗಾಜಿಗೆ ಬಾಯಿಟ್ಟು ಕೂಗಿದೆ, ಅಣ್ಣಾ, ತಿರುಗಲಿಲ್ಲ, ಯಾರ ಮಾತೂ ಯಾರಿಗೂ ಕೇಳಿಸದ ಜಾಗ ಇದು, ಟಿಕೆಟ್ ಕೊಡ್ರೀ, ಲಾಂಚ್ ಹೋಗುತ್ತೆ, ಗಾಜು ಬಡಿಯುತ್ತಿದ್ದಾರೆ, ಎಷ್ಟೋ ಬೆರಳುಗಳು, ಎಷ್ಟೆಂದು ಎಣಿಸಲಾರೆ, ಕಣ್ಣಿಗೆ ಅದೊಂದೇ ಕಾಣುತ್ತಿದೆ, ಅಣ್ಣನ ಕೈ, ಎರಡು ಬೆರಳು, ಅದರಲ್ಲಿ ಒಂದು ಮಡಚಿಕೊಳ್ಳುತ್ತಿದೆ, ನಿಧಾನಕ್ಕೆ, ಮಡಚಿಕೊಳ್ಳುತ್ತಿದೆ —