ಬಾವುಟ ಬರುವವರೆಗೆ

ನಮ್ಮ ಆಸ್ಪತ್ರೆಯಲ್ಲಿ ಸೈನ್ಯದಲ್ಲಿದ್ದವರು ಯಾರಾದರೂ ತೀರಿಕೊಂಡರೆ ಮೈಕಿನಲ್ಲಿ ಕಹಳೆ ಕೇಳಿಸುತ್ತದೆ. ಕೈ ಬಿಡುವಿದ್ದವರೆಲ್ಲ ಕೆಳಗಿನ ಉದ್ದ ಹಜಾರಕ್ಕೆ ಇಳಿದು, ಎರಡೂ ಕಡೆಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಬಾವುಟ ಹೊದಿಸಿದ ಗಾಲಿಮಂಚವನ್ನು ನಮ್ಮ ನಡುವೆ ತಳ್ಳಿಕೊಂಡು ಹೋಗಿ, ಹಿಂಬಾಗಿಲಲ್ಲಿ ಕಾದಿರುವ ಕಾರಿಗೆ ಏರಿಸುವವರೆಗೆ ಯಾರೂ ಕದಲುವ ಹಾಗಿಲ್ಲ. ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ನಾನು ಊಟದ ಗಾಡಿ ತಳ್ಳುವವಳು. ಸೂಪು ಆರಿದರೆ ಆರಲಿ ಎಂದು ಎಷ್ಟೋ ಸಲ ನಿಂತಿದ್ದೇನೆ. ಪದ್ಧತಿ ಒಳ್ಳೆಯದೇ. ಅದರ ಮೇಲೆ ನನ್ನದೇನೂ ತಕರಾರಿಲ್ಲ.

ಮೇಲಿನ ವಾರ್ಡಿನಲ್ಲಿ ವರ್ಲಿನ್ ಓಡಮ್ ಎಂಬ ಮುದುಕ ಮಲಗಿದ್ದ. ವಿಯೆಟ್ನಾಮ್ ಯುದ್ಧದಲ್ಲಿ ಸೈನ್ಯದ ಲಾರಿ ಓಡಿಸಿ ಬಂದವನು. ಆಮೇಲೆ ನದಿ ದಂಡೆಯ ಉಕ್ಕಿನ ಕಾರ್ಖಾನೆಗೆ ಬೀಗ ಬೀಳುವವರೆಗೆ ಅಲ್ಲೇ ದುಡಿದ. ಶ್ವಾಸಕೋಶ ಪೂರ್ತಿ ಕೆಟ್ಟಿತ್ತು. ತನ್ನವರು ಅಂತ ದೂರದ ಅರಿಜೋನಾದಲ್ಲಿ ಒಬ್ಬ ಅಕ್ಕನ ಮಗ, ಅಷ್ಟೇ. ಕೋಣೆಯ ಬಾಗಿಲಿಗೆ ಕಾಗದದ ಪುಟ್ಟ ಬಾವುಟ ಅಂಟಿಸಿದ್ದರು, ಒಳಗಿರುವವನು ಸೈನಿಕ ಎಂದು ಎಲ್ಲರಿಗೂ ತಿಳಿಯಲಿ ಅಂತ.

ನಾನು ತಟ್ಟೆ ಇಟ್ಟಾಗಲೆಲ್ಲ ಮುಚ್ಚಳ ಎತ್ತಿ ನೋಡುತ್ತಿದ್ದ. "ಮತ್ತೆ ಹಸಿರು ಜೆಲ್ಲಿನಾ? ಸೈನ್ಯದ ಅಡಿಗೆ ತಿಂದೂ ಬದುಕಿ ಬಂದೆ. ನಿನ್ನ ಕೈಯಲ್ಲಿ ಸಾಯೋದು ಬರೆದಿತ್ತು ನೋಡು."

"ಸಾಯೋರು ಇಷ್ಟು ಮಾತಾಡಲ್ಲ ಯಜಮಾನರೇ. ತಿನ್ನಿ."

ಅವನ ನರ್ಸು ಟ್ವೈಲಾ. ಅವಳ ಹತ್ತಿರ ಅವನು ಒಂದೇ ಒಂದು ಕೇಳಿದ್ದ, ನನ್ನೆದುರೇ.

"ಪಕ್ಕದ ಕೋಣೆಯವನು ಹೋದ ದಿನ ಗಂಟೆ ಒತ್ತುತ್ತಲೇ ಇದ್ದ ಕಣಮ್ಮ. ಗೋಡೆ ಈಚೆಯಿಂದ ನಾನು ಕೇಳ್ತಾ ಇದ್ದೆ. ಯಾರೂ ಬರಲಿಲ್ಲ. ಆಮೇಲೆ ಬಾವುಟ ಹೊದಿಸಿ ಮೆರವಣಿಗೆ ಮಾಡಿದ್ರಿ. ನನಗೆ ಮೆರವಣಿಗೆ ಬೇಡ. ಅದಕ್ಕೆ ಮುಂಚೆ ಪಕ್ಕದಲ್ಲಿ ಒಬ್ಬರು ಕೂತಿರಲಿ. ಅಷ್ಟೇ."

"ನಾನು ಕೂತಿರ್ತೀನಿ."

"ಮಾತು?"

"ಮಾತು."

ಕೊಡಬಾರದ ಮಾತು ಅದು ಎಂದು ನನಗೆ ಅನಿಸಿತು. ಆ ವಾರ್ಡಿನಲ್ಲಿ ಎರಡು ಕೈ ಮಾಡುವ ಕೆಲಸವನ್ನು ಒಂದು ಕೈ ಮಾಡುತ್ತಿತ್ತು. ಬಿಟ್ಟುಹೋದ ನರ್ಸುಗಳ ಜಾಗಕ್ಕೆ ಯಾರೂ ಬಂದಿರಲಿಲ್ಲ. ಇನ್ನೊಬ್ಬರನ್ನಾದರೂ ಕೊಡಿ ಎಂದು ಮುಖ್ಯ ನರ್ಸು ಗ್ರೆಚನ್ ಕೇಳಿದ್ದಕ್ಕೆ, ಮೇಲಿನವರು ಸಿಬ್ಬಂದಿಯ ಕ್ಷೇಮಕ್ಕೆ ಎಂದು ಮೈ ಒತ್ತುವ ಕುರ್ಚಿಯೊಂದನ್ನು ಕಳಿಸಿದ್ದರು. ಜೊತೆಗೆ ಆಗಾಗ ಒಂದು ಗಾಡಿ ಬರುತ್ತಿತ್ತು. ಅದರಲ್ಲಿ ಬಿಸಿ ಟೀ, ಚಾಕೊಲೇಟು, ಮೂಸಿದರೆ ಮನಸ್ಸು ತಣ್ಣಗಾಗುತ್ತದೆ ಎನ್ನುವ ಎಣ್ಣೆಯ ಸೀಸೆಗಳು.

"ಆ ಕುರ್ಚಿಗೆ ಇಂಜೆಕ್ಷನ್ ಕೊಡೋಕೆ ಬರುತ್ತಾ ಕೇಳು," ಎಂದಿದ್ದಳು ಟ್ವೈಲಾ.

"ಬರೋ ಹಾಗಿದ್ದಿದ್ರೆ ನಿನ್ನ ಮನೆಗೆ ಕಳಿಸಿ ಅದನ್ನೇ ಇಟ್ಕೋತಿದ್ದೆ," ಎಂದಿದ್ದಳು ಗ್ರೆಚನ್.

ಆ ಗುರುವಾರ ಬೆಳಗ್ಗೆ ಮುದುಕನ ಉಸಿರಿನ ಲಯ ತಪ್ಪಿತು. ಇವತ್ತೇ ಎಂದರು ಡಾಕ್ಟರು. ಟ್ವೈಲಾ ತನ್ನ ಉಳಿದ ರೋಗಿಗಳನ್ನು ಅವರಿವರಿಗೆ ಹಂಚಿ, ಕೋಣೆಯಲ್ಲಿದ್ದ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು. ನಾನು ಊಟದ ತಟ್ಟೆ ತಂದೆ. ಅವನು ತಿನ್ನುವುದಿಲ್ಲ ಎಂದು ಗೊತ್ತಿತ್ತು. ಆದರೂ ಜೆಲ್ಲಿ ಇಟ್ಟೆ. ಆಗಲೇ ಕಹಳೆ ಕೇಳಿಸಿತು. ಬೇರೆ ವಾರ್ಡಿನಲ್ಲಿ ಒಬ್ಬ ಹಳೆಯ ನೌಕಾಪಡೆಯವನು ಹೋಗಿದ್ದ.

ಗ್ರೆಚನ್ ಬಾಗಿಲಲ್ಲಿ ಬಂದು ನಿಂತಳು. "ಟ್ವೈಲಾ, ಕೆಳಗೆ ಹೋಗಿ ಬಾರೇ. ಹೋದ ಸಲ ನಮ್ಮ ವಾರ್ಡಿಂದ ಒಬ್ಬರೂ ನಿಂತಿರಲಿಲ್ಲ ಅಂತ ಮೇಲಿನವರು ನನ್ನ ಜನ್ಮ ಜಾಲಾಡಿದ್ದಾರೆ. ಉಳಿದೋರೆಲ್ಲ ಕೈಯಲ್ಲಿ ಸೂಜಿ ಹಿಡಿದು ನಿಂತಿದ್ದಾರೆ."

"ಇವರನ್ನ ಬಿಟ್ಟು?"

"ಐದು ನಿಮಿಷ ಕಣೇ. ವಾರ್ಡಲ್ಲಿ ನಾನಿರ್ತೀನಲ್ಲ."

ಟ್ವೈಲಾ ಏಳಲಿಲ್ಲ. ಎಬ್ಬಿಸಿದವನು ಮುದುಕನೇ. "ಹೋಗಿ ಬಾಮ್ಮ. ಅವನಿಗೂ ಯಾರಾದ್ರೂ ನಿಲ್ಲಬೇಕಲ್ಲ. ನಾನೆಲ್ಲಿ ಓಡಿಹೋಗ್ತೀನಿ?"

"ನಾನು ಬರೋವರೆಗೂ ಇಲ್ಲೇ ಇರಬೇಕು ಮತ್ತೆ."

"ಅಪ್ಪಣೆ," ಎಂದ. ನಗಲು ಹೋಗಿ ಉಸಿರು ಸಿಕ್ಕಿಕೊಂಡಿತು.

ಅಡಿಗೆಮನೆಯ ಲೆಕ್ಕಕ್ಕೆ ನಾನೂ ಇಳಿಯಲೇಬೇಕಿತ್ತು. ಕೆಳಗೆ ಟ್ವೈಲಾ ಆ ಗೋಡೆಗೆ, ನಾನು ಈ ಗೋಡೆಗೆ. ಗಾಲಿಮಂಚ ಬಂತು. ಹಿಂದೆ ಸತ್ತವನ ಮಗಳು, ನಿಂತವರ ಮುಖವನ್ನು ಒಂದೊಂದಾಗಿ ನೋಡುತ್ತ ಬರುತ್ತಿದ್ದಳು. ಹಿಂಬಾಗಿಲಿಗೆ ಅಡ್ಡವಾಗಿ ಹಾಲಿನ ಲಾರಿ ನಿಂತಿತ್ತಂತೆ, ಚಾಲಕ ಒಳಗೆಲ್ಲೋ ಸಹಿ ಹಾಕಿಸಲು ಹೋಗಿದ್ದನಂತೆ. ಮಂಚ ನಮ್ಮಿಬ್ಬರ ನಡುವೆಯೇ ನಿಂತುಬಿಟ್ಟಿತು. ಆ ಮಗಳು ಟ್ವೈಲಾಳಿಂದ ಕೈಯಳತೆಯಲ್ಲಿದ್ದಳು. ಅವಳ ಕಣ್ಣೆದುರೇ ಸಾಲು ಬಿಟ್ಟು ಓಡುವುದು ಹೇಗೆ? ಆಸ್ಪತ್ರೆಯ ಯಾರೋ ಒಬ್ಬರು ಮೆಲ್ಲಗೆ ಫೋಟೋ ತೆಗೆಯುತ್ತಿದ್ದರು. ಟ್ವೈಲಾ ಲಿಫ್ಟಿನ ಕಡೆ ಕಣ್ಣು ಹಾಯಿಸುವಳು, ಮತ್ತೆ ಬಾವುಟ ನೋಡುವಳು. ಅವಳ ಹಿಮ್ಮಡಿ ನೆಲ ಬಿಟ್ಟು ಎದ್ದಿತ್ತು. ಆದರೆ ಕದಲಲಿಲ್ಲ. ಯಾರೂ ಕದಲುತ್ತಿರಲಿಲ್ಲ.

ಲಾರಿ ಕೊನೆಗೂ ಸರಿಯಿತು. ಸಾಲು ಒಡೆದದ್ದೇ ಅವಳು ಮೆಟ್ಟಿಲು ಹತ್ತಿ ಓಡಿದಳು. ಹಿಂದೆಯೇ ನಾನು.

ಅವನ ಬಾಗಿಲ ಮೇಲೆ, ಗಂಟೆ ಒತ್ತಿದರೆ ಹತ್ತುವ ದೀಪ ಉರಿಯುತ್ತಿತ್ತು. ಒಳಗೆ ಅವನ ಮುಖ ಖಾಲಿ ಕುರ್ಚಿಯ ಕಡೆ ಹೊರಳಿತ್ತು, ಕಣ್ಣು ತೆರೆದೇ ಇತ್ತು. ಕರೆಗಂಟೆಯ ಗುಂಡಿ ಮುಷ್ಟಿಯಲ್ಲಿತ್ತು.

ಗ್ರೆಚನ್ ಬಂದಳು. ತೋಳೆಲ್ಲ ರಕ್ತ. "ಆ ಕೊನೇ ಕೋಣೆಯವರು ಮಂಚದಿಂದ ಬಿದ್ದು ತಲೆ ಒಡ್ಕೊಂಡ್ರು. ಗಂಟೆ ಕೇಳಿಸ್ತು ಕಣೇ. ಗಾಯ ಒತ್ತಿ ಹಿಡಿದ ಕೈ ತೆಗೆಯೋ ಹಾಗಿರಲಿಲ್ಲ."

"ಗೊತ್ತು," ಎಂದಳು ಟ್ವೈಲಾ. ಅವನ ಕಣ್ಣು ಮುಚ್ಚಿಸಿ, "ಇವರಿಗೆ ಮೆರವಣಿಗೆ ಬೇಡ. ಬೇಡ ಅಂದಿದ್ರು," ಎಂದಳು.

ಗ್ರೆಚನ್ ಹೋಗಿ ಫೋನು ಮಾಡಿ ಬಂದಳು. "ಅಕ್ಕನ ಮಗ ಮಾಡಿಸಿ ಅಂದ. ಫೋಟೋ ಕಳಿಸ್ಬೇಕಂತೆ."

ನಮ್ಮಲ್ಲಿ ಇನ್ನೊಂದು ನಿಯಮವಿದೆ. ಬಾವುಟ ಬರುವವರೆಗೆ ಸೈನಿಕನ ದೇಹವನ್ನು ಒಂಟಿಯಾಗಿ ಬಿಡಬಾರದು, ಒಬ್ಬರು ಪಕ್ಕದಲ್ಲಿ ಕೂತಿರಲೇಬೇಕು. ಕೂತವರ ಕೆಲಸಕ್ಕೆ ಬೇರೆ ಮಹಡಿಯಿಂದ ಒಬ್ಬರನ್ನು ಕಳಿಸುತ್ತಾರೆ. ಕಳಿಸಿದರು ಕೂಡ, ಗಟ್ಟಿಮುಟ್ಟಾದ ಒಬ್ಬ ಹುಡುಗಿ, ಬಂದವಳೇ ಟ್ವೈಲಾಳ ರೋಗಿಗಳನ್ನೆಲ್ಲ ವಹಿಸಿಕೊಂಡಳು.

"ನೀನು ಕೂತ್ಕೋ," ಎಂದಳು ಗ್ರೆಚನ್, ಅವಳ ಮುಖ ನೋಡದೆ. "ಎಷ್ಟು ಹೊತ್ತಾದ್ರೂ ಪರವಾಗಿಲ್ಲ. ಬಾವುಟ ಇನ್ನೂ ಕೆಳಗೇ ಇದೆ, ಇಸ್ತ್ರಿ ಹಾಕ್ತಿದ್ದಾರೆ."

ಟ್ವೈಲಾ ಅದೇ ಕುರ್ಚಿಯಲ್ಲಿ ಕೂತಳು.

ಕ್ಷೇಮದ ಗಾಡಿಯೂ ಬಂತು. ಸಾವು ಕಂಡ ವಾರ್ಡಿಗೆ ಅದು ತಪ್ಪದೆ ಬರುತ್ತದೆ. ತಳ್ಳುವ ಹೆಂಗಸು ಒಳ್ಳೆಯವಳು, ಮೆತ್ತಗಿನ ದನಿ. "ನಿಮಗೇನು ಬೇಕಮ್ಮ?"

ಟ್ವೈಲಾ ಹಜಾರದಲ್ಲಿ ಓಡಾಡುತ್ತಿದ್ದ ಆ ಹೊಸ ಹುಡುಗಿಯನ್ನು ತೋರಿಸಿದಳು. "ಅವಳು. ಬೆಳಗ್ಗೆ ಬೇಕಿತ್ತು."

ಆ ಹೆಂಗಸಿಗೆ ಅರ್ಥವಾಗಲಿಲ್ಲ. ಟೀ ಒಂದು ಲೋಟ ಇಟ್ಟು, ಭುಜ ಮುಟ್ಟಿ ಹೋದಳು.

ನಾನು ತಟ್ಟೆ ಎತ್ತಿಕೊಂಡೆ. ಜೆಲ್ಲಿ ನೀರಾಗಿತ್ತು. ಟ್ವೈಲಾ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು; ಗುಂಡಿ ಇನ್ನೂ ಮುಷ್ಟಿಯಿಂದ ಬಿಟ್ಟು ಬಂದಿರಲಿಲ್ಲ. ಬಾಗಿಲ ಮೇಲಿನ ದೀಪ ಹಾಗೇ ಉರಿಯುತ್ತಿತ್ತು. ಅದನ್ನು ಆರಿಸುವ ಸ್ವಿಚ್ಚು ಮಂಚದ ತಲೆಯ ಕಡೆ ಗೋಡೆಯಲ್ಲಿದೆ. ಆರಿಸಲು ಕೈ ಚಾಚಿದೆ.

"ಇರಲಿ ಬಿಡು," ಎಂದಳು ಅವಳು.