ಬೀರಲಿಂಗಯ್ಯನ ಅರ್ಧ ಪದ

ಕೂಟಗಲ್ಲಿನ ಬೀರಲಿಂಗಯ್ಯ ಕುರಿ ಕಾಯುತ್ತಲೇ ತಂಬೂರಿ ಕಲಿತವನು. ತಂತಿಯ ಮೇಲೆ ಕುರಿಯ ಮೂಳೆ ಜಾರಿಸಿದನೆಂದರೆ ಎಂಥ ಕಲ್ಲೆದೆಯವನೂ ಮೂಗೊರೆಸಿಕೊಳ್ಳಬೇಕು. ಕುದೂರಿನಿಂದ ಹಾರೋಹಳ್ಳಿಯವರೆಗೆ ಇವತ್ತು ಮೂಳೆ ಜಾರಿಸಿ ನುಡಿಸುವವರೆಲ್ಲ ಅವನ ಕೈಚಳಕವನ್ನೇ ಎತ್ತಿಕೊಂಡವರು. ಅವನ ಹೆಸರು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ನಾಚಿಕೆಗೆಟ್ಟವರು!

ಹಾಡುತ್ತಾ ಹಾಡುತ್ತಾ, ಪದದ ನಡುವೆಯೇ ಅವನ ಉಸಿರು ನಿಂತುಹೋಯಿತು. ಮಗಳು ಸರಸಮ್ಮನಿಗೆ ಅಂದಿನಿಂದ ಒಂದೇ ಕೊರಗು. ಪದ ಮುಗಿಸದ ಅಪ್ಪನಿಗೆ ಮೇಲಕ್ಕೆ ಹೋಗುವ ದಾರಿ ಸಿಕ್ಕಿಲ್ಲ.

ಸುಮ್ಮನೆ ಹುಟ್ಟಿದ ಕೊರಗಲ್ಲ ಅದು. ಊರಿಗೆ ಊರೇ ರಾಗಿ ಬಿಟ್ಟು ರೇಷ್ಮೆಗೆ ಬಿದ್ದಿದ್ದ ಕಾಲ. ಅವಳ ಹುಳುಮನೆಯಲ್ಲೂ ಸೊಪ್ಪು ಮೇಯುವ ಸದ್ದು ಸದಾ ಇದ್ದದ್ದೇ. ಪೊರೆ ಬಿಡುವ ಮುನ್ನ ಮಾತ್ರ ಹುಳುಗಳು ಜ್ವರಕ್ಕೆ ಕೂರುತ್ತವೆ. ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಇದ್ದುಬಿಡುತ್ತವೆ. ಆ ಮೌನದಲ್ಲಿ ಗೋಡೆಗೆ ತೂಗುಹಾಕಿದ್ದ ಅಪ್ಪನ ತಂಬೂರಿ ತಾನಾಗಿ ನುಡಿಯುತ್ತಿತ್ತು. ಅದೇ ಪದ. ಅಪ್ಪ ನಿಲ್ಲಿಸಿದ ಜಾಗಕ್ಕೆ ಬಂದು ತಟ್ಟನೆ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ, ಹುಳು ಜ್ವರಕ್ಕೆ ಕೂತಾಗ, ಅವಳು ರಾಮನಗರದ ಶುಕೂರನನ್ನು ಕರೆಸಿದಳು. ನೂಲು ತೆಗೆಯುವ ಶುಕೂರ್, ರೇಷ್ಮೆಗೂಡಿನ ಮಾರ್ಕೆಟ್ಟಿನ ಹೊರಗೆ ಬೀರಲಿಂಗಯ್ಯನ ಪಕ್ಕ ಕೂತು ಆ ಪದ ಪೂರ್ತಿ ಕಲಿತಿದ್ದ. ತನ್ನ ತಂಬೂರಿಯೊಡನೆ ಬಂದವನು ಹೊಸ್ತಿಲಲ್ಲೇ ನಿಂತ. ಜ್ವರಕ್ಕೆ ಕೂತ ಹುಳುವಿನ ಹತ್ತಿರ ಹೊರಗಿನವರು ಸುಳಿಯುವಂತಿಲ್ಲ.

"ಬ್ಯಾಡ ಕಣಕ್ಕ. ಹುಳ ಕೆಟ್ರೆ ನನ್ನ ತಲೆಗೆ ಬತ್ತದೆ."

"ಬೆಳೆ ಹೋದ್ರೆ ಹೋಗ್ಲಿ ಶುಕೂರಣ್ಣ. ನಮ್ಮಪ್ಪ ಇಲ್ಲೇ ಸಿಗಾಕ್ಕೊಂಡವ್ನೆ. ದಾರಿ ತೋರ್ಸಿ ಕಳಿಸ್ಕೊಡು."

ಒಳಗೆ ಕೂತು ಇನ್ನೂ ಶ್ರುತಿ ಮಾಡಿಕೊಳ್ಳುವಷ್ಟರಲ್ಲಿ ಗೋಡೆಯ ತಂಬೂರಿ ಶುರುವಾಯಿತು. ಶುಕೂರನ ಮೈಯೆಲ್ಲ ಮುಳ್ಳೆದ್ದಿತು. ಆದರೂ ಗುರುವಿನ ಕೈಯಲ್ಲವೇ, ಜೊತೆಗೂಡಿದ. ನಿಲ್ಲುವ ಜಾಗ ಬಂತು. ಶುಕೂರ್ ನಿಲ್ಲಲಿಲ್ಲ. ಗೋಡೆಯದೂ ತಡವರಿಸುತ್ತ, ಬೆರಳು ಹಿಡಿದ ಮಗುವಿನಂತೆ ಹಿಂದೆಯೇ ಬಂತು.

ಪದ ಮುಗಿಯುತ್ತ ಬಂದಾಗಲೇ ಸರಸಮ್ಮನಿಗೆ ಹೊಳೆದದ್ದು. ಮುಗಿದರೆ ಅಪ್ಪ ಹೋಗಿಯೇಬಿಡುತ್ತಾನೆ. ಅವಳು ಧಾವಿಸಿ ಶುಕೂರನ ತಂತಿಯ ಮೇಲೆ ಅಂಗೈ ಊರಿದಳು.

"ನಿಲ್ಸಣ್ಣ! ಅರ್ಧನೇ ಇರ್ಲಿ ಬುಡು!"

ಶುಕೂರನ ತಂತಿ ನಿಂತಿತು. ಗೋಡೆಯದು ನಿಲ್ಲಲಿಲ್ಲ. ದಾರಿ ಗೊತ್ತಾಗಿತ್ತಲ್ಲ! ನಿಧಾನವಾಗಿ, ಒಂಟಿಯಾಗಿ, ಕೊನೆಯ ಸಾಲನ್ನೂ ನುಡಿದು ಮುಗಿಸಿತು. ತಟ್ಟೆಗಳಲ್ಲಿ ತಲೆಯೆತ್ತಿ ಕೂತಿದ್ದ ಹುಳುಗಳೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದವು.

ಸರಸಮ್ಮ ಓಡಿಹೋಗಿ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತಳು. ತಣ್ಣನೆಯ ಕೈಯೊಂದು ಅವಳ ತಲೆ ಸವರಿ, ದಾಟಿಹೋಯಿತು. ಅಪ್ಪ ಸತ್ತ ದಿನವೂ ಅಳದಿದ್ದವಳು ಹೊಸ್ತಿಲ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು.